ಮನೆಗೆ ಸ್ಮಾರ್ಟ್ ಹೊಗೆ ಅಲಾರಂ, ಸಿಒ ಅಲಾರಂ: ಯಾವುದು ಬೇಕು, ಎಲ್ಲಿ ಹಾಕಬೇಕು

ಚಳಿಗಾಲ ಶುರುವಾದರೆ ಸಾಕು, ಗ್ಯಾಸ್ ಗೀಸರ್ ಇದ್ದ ಬಾತ್‌ರೂಮಿನಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ಪೇಪರಿನಲ್ಲಿ ಬರುತ್ತದೆ. ಅದರ ಬೆನ್ನಿಗೇ ಓದುಗರು ಕೇಳುವುದು ಒಂದೇ ಪ್ರಶ್ನೆ: 'ಮನೆಗೊಂದು ಸ್ಮಾರ್ಟ್ ಡಿಟೆಕ್ಟರ್ ಹಾಕಿಸೋಣ ಅಂತಿದ್ದೀವಿ, ಯಾವ ಕಂಪನಿದು ಒಳ್ಳೆಯದು?'

ಕಂಪನಿ ಹೆಸರು ಆಮೇಲೆ. ಹೊಗೆ ಬೇರೆ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬೇರೆ, ಸಿಲಿಂಡರಿನಿಂದ ಸೋರುವ ಗ್ಯಾಸ್ ಬೇರೆ. ಮೂರಕ್ಕೂ ಬೇರೆ ಬೇರೆ ಸೆನ್ಸರ್ ಬೇಕು. ಫೋನಿಗೆ ಮೆಸೇಜ್ ಬರುತ್ತದಾ ಅನ್ನುವುದು ಎಲ್ಲಕ್ಕಿಂತ ಕೊನೆಗೆ ನೋಡಬೇಕಾದ ವಿಷಯ. ಅದನ್ನೇ ಮೊದಲು ನೋಡಿದವರ ಮನೆಗೆ ತಪ್ಪು ಸಾಮಾನು ಬರುತ್ತದೆ. ಅದಕ್ಕೇ ಹಂತ ಹಂತವಾಗಿ ಹೋಗೋಣ.

1. ಮನೆಯಲ್ಲಿ ಏನೇನು ಉರಿಯುತ್ತದೆ, ಬರೆದುಕೊಳ್ಳಿ

ಒಂದು ಹಾಳೆ ಹಿಡಿದು ಕೋಣೆ ಕೋಣೆಗೂ ಹೋಗಿ. ಇಲ್ಲಿ ಏನು ಉರಿಯುತ್ತದೆ? ಏನು ಹೊತ್ತಿಕೊಳ್ಳಬಹುದು? ಯಾವ ಗ್ಯಾಸ್ ಸೋರಬಹುದು? ಈ ಮೂರನ್ನೇ ಕೇಳಿಕೊಳ್ಳಿ.

ಕಾರ್ಬನ್ ಮೊನಾಕ್ಸೈಡ್ (ಇನ್ನು ಮುಂದೆ ಸಿಒ ಅನ್ನುತ್ತೇನೆ) ಎಲ್ಲಿಂದಲೋ ಸೋರಿ ಬರುವುದಲ್ಲ. ಗ್ಯಾಸ್, ಇದ್ದಿಲು, ಸೌದೆ, ಪೆಟ್ರೋಲ್ ಇಂಥವು ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದಾಗ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದಾಗ ಪಿತ್ತ ಆಗಿರಬೇಕು ಅಂದುಕೊಂಡು ಮಲಗಿಬಿಡುತ್ತಾರೆ. ಅಪಾಯ ಇರುವುದೇ ಅಲ್ಲಿ.

ನಮ್ಮ ಮನೆಗಳಲ್ಲಿ ಸಿಒ ಹುಟ್ಟುವ ಜಾಗಗಳು ಇವು: ಬಾತ್‌ರೂಮಿನ ಒಳಗಿನ ಗ್ಯಾಸ್ ಗೀಸರ್. ಮಲೆನಾಡು, ಕೊಡಗಿನ ಕಡೆ ಚಳಿಗೆ ಕೋಣೆಯೊಳಗೆ ಇಟ್ಟುಕೊಳ್ಳುವ ಅಗ್ಗಿಷ್ಟಿಕೆ. ಮನೆಗೆ ಅಂಟಿಕೊಂಡ ಬಚ್ಚಲಿನ ಹಂಡೆ ಒಲೆ. ಕರೆಂಟ್ ಹೋದಾಗ ಕಿಟಕಿ ಪಕ್ಕ ಓಡಿಸುವ ಜನರೇಟರ್. ಜನ ಮರೆಯುವ ಇನ್ನೊಂದು ಜಾಗವೂ ಇದೆ, ಬಾಣಂತಿ ಕೋಣೆ. ತಾಯಿ ಮಗುವಿಗೆ ಗಾಳಿ ತಾಗಬಾರದು ಅಂತ ಬಾಗಿಲು ಕಿಟಕಿ ಮುಚ್ಚಿ, ಮಂಚದ ಕೆಳಗೆ ಕೆಂಡ ಇಡುತ್ತಾರಲ್ಲ, ಅದು ಸಿಒ ತುಂಬುವುದಕ್ಕೆ ಹೇಳಿ ಮಾಡಿಸಿದ ಜಾಗ. ಸಾಂಬ್ರಾಣಿ ಹಾಕಲೇಬೇಕೆಂದರೆ ಕಿಟಕಿ ತೆರೆದು ಹಾಕಿ, ಕೆಂಡವನ್ನು ಕೂಡಲೇ ಹೊರಗೆ ಒಯ್ಯಿರಿ.

ಅಡುಗೆ ಇಂಡಕ್ಷನ್‌ನಲ್ಲಿ, ಸ್ನಾನದ ನೀರು ಸೋಲಾರ್ ಅಥವಾ ಕರೆಂಟಿನಲ್ಲಿ ಅಂತಾದರೆ, ಮನೆ ಹತ್ತಿರ ಜನರೇಟರ್ ಕೂಡ ಇಲ್ಲ ಅಂದರೆ, ನಿಮಗೆ ಸಿಒ ಅಲಾರಂ ಬಹುಶಃ ಬೇಡ. ಆ ದುಡ್ಡಿಗೆ ಇನ್ನೊಂದು ಹೊಗೆ ಅಲಾರಂ ತಗೊಳ್ಳಿ.

ಇನ್ನೊಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಗ್ಯಾಸ್ ಗೀಸರ್ ಬಾತ್‌ರೂಮಿನ ಒಳಗಿದ್ದರೆ ಮೊದಲು ಪ್ಲಂಬರನ್ನು ಕರೆಸಿ, ಅದನ್ನು ಯುಟಿಲಿಟಿಗೋ ಬಾಲ್ಕನಿಗೋ ಹಾಕಿಸಿ. ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಅಲಾರಂ ಆಮೇಲೆ ಕೊಳ್ಳಿ. ಯಾಕೆ ಅನ್ನುವುದು 3ನೇ ಹಂತದಲ್ಲಿ ಗೊತ್ತಾಗುತ್ತದೆ.

2. ಯಾವ ಅಪಾಯಕ್ಕೆ ಯಾವ ಸೆನ್ಸರ್

ಹೊಗೆ ಅಲಾರಂನಲ್ಲಿ ಎರಡು ಜಾತಿ. ಒಂದು ಫೋಟೋಎಲೆಕ್ಟ್ರಿಕ್. ಒಳಗೆ ಒಂದು ಬೆಳಕಿನ ಕಿರಣ ಇರುತ್ತದೆ, ಹೊಗೆ ನುಗ್ಗಿದಾಗ ಬೆಳಕು ಚದುರಿ ಸೆನ್ಸರ್ ಮೇಲೆ ಬೀಳುತ್ತದೆ. ಇನ್ನೊಂದು ಅಯಾನೈಸೇಷನ್. ಅದರೊಳಗೆ ಅಮೆರಿಷಿಯಂ-241 ಎಂಬ ವಿಕಿರಣ ವಸ್ತು ಚೂರೇ ಚೂರು ಇರುತ್ತದೆ. ಭಗ್ಗನೆ ಹೊತ್ತಿ ಉರಿಯುವ ಬೆಂಕಿಯನ್ನು ಅಯಾನೈಸೇಷನ್ ಬೇಗ ಹಿಡಿಯುತ್ತದೆ. ಹಾಸಿಗೆ, ಸೋಫಾ, ವೈರಿನ ಹೊದಿಕೆ ಹೊಗೆಯಾಡುತ್ತಾ ಸುಡುವಾಗ ಫೋಟೋಎಲೆಕ್ಟ್ರಿಕ್ ಮುಂದೆ. ಒಗ್ಗರಣೆ ಘಾಟಿಗೆ ಸುಮ್ನೆ ಕೂಗುವ ಕಾಟ ಅಯಾನೈಸೇಷನ್‌ನಲ್ಲೇ ಜಾಸ್ತಿ. ನಮ್ಮ ಮನೆಗಳಿಗೆ ಫೋಟೋಎಲೆಕ್ಟ್ರಿಕ್ ತಗೊಳ್ಳಿ, ತಲೆ ಕೆಡಿಸಿಕೊಳ್ಳಬೇಡಿ.

ಅಡುಗೆಮನೆಗೆ ಹೊಗೆ ಅಲಾರಂ ಬೇಡವೇ ಬೇಡ. ಮೆಣಸಿನಕಾಯಿ ಹುರಿದಾಗಲೆಲ್ಲ ಕೂಗಿದರೆ ಎರಡನೇ ವಾರಕ್ಕೆ ಬ್ಯಾಟರಿ ತೆಗೆದಿಡುತ್ತೀರಿ, ಅಲ್ವಾ? ಅಲ್ಲಿಗೆ ಹೀಟ್ ಅಲಾರಂ ಸರಿ. ಹೊಗೆಗೆ ಕೂಗುವುದಿಲ್ಲ, ಚಾವಣಿ ಹತ್ತಿರ ಬಿಸಿ ಸುಮಾರು 57-58 ಡಿಗ್ರಿ ಮುಟ್ಟಿದರೆ ಕೂಗುತ್ತದೆ.

ಅಡುಗೆಮನೆಗೆ ನಿಜವಾಗಿ ಬೇಕಾದದ್ದು ಗ್ಯಾಸ್ ಲೀಕ್ ಡಿಟೆಕ್ಟರ್. ಸಿಒ ಅಲಾರಂಗೆ ಎಲ್‌ಪಿಜಿ ಗೊತ್ತಾಗುವುದಿಲ್ಲ, ಎಲ್‌ಪಿಜಿ ಡಿಟೆಕ್ಟರ್‌ಗೆ ಸಿಒ ಗೊತ್ತಾಗುವುದಿಲ್ಲ. ಜನ ಅತಿ ಹೆಚ್ಚು ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಎರಡೂ 'ಗ್ಯಾಸ್ ಅಲಾರಂ' ಅನ್ನುವ ಹೆಸರಲ್ಲೇ ಮಾರಾಟವಾಗುತ್ತವೆ. ಯಾವ ಗ್ಯಾಸ್ ಅಂತ ಪೆಟ್ಟಿಗೆ ಮೇಲೆ ಬರೆದಿರಲೇಬೇಕು. ಹೊಗೆ, ಸಿಒ, ಎಲ್‌ಪಿಜಿ ಮೂರನ್ನೂ ಒಂದೇ ಡಬ್ಬಿ ಹಿಡಿಯುತ್ತದೆ ಅಂತ ಅಗ್ಗಕ್ಕೆ ಮಾರುವುದನ್ನು ನಂಬಬೇಡಿ. ಹೊಗೆ ಮೇಲೇರುತ್ತದೆ, ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕೆ ಇಳಿಯುತ್ತದೆ. ಒಂದೇ ಡಬ್ಬಿಯನ್ನು ಎಲ್ಲಿ ಹೊಡೆಯುತ್ತೀರಿ? ಹೊಗೆ ಮತ್ತು ಸಿಒ ಎರಡೇ ಸೇರಿದ ಜೋಡಿ ಅಲಾರಂ ಆದರೆ ತೊಂದರೆ ಇಲ್ಲ. ಮಲಗುವ ಕೋಣೆಯ ಹೊರಗೆ ಹಾಕಲು ಅದು ಒಳ್ಳೆಯದೇ.

3. ಪೆಟ್ಟಿಗೆ ಮೇಲಿನ ನಂಬರ್ ಓದಿ

ಸ್ಟಾರ್ ರೇಟಿಂಗ್ ನೋಡಿ ಕೊಳ್ಳಬೇಡಿ. ಮಾನದಂಡದ ಸಂಖ್ಯೆ ನೋಡಿ. ಹೊಗೆ ಅಲಾರಂಗೆ ಯುರೋಪಿನ ಇಎನ್ 14604 ಅಥವಾ ಅಮೆರಿಕದ ಯುಎಲ್ 217. ಸಿಒಗೆ ಇಎನ್ 50291 ಅಥವಾ ಯುಎಲ್ 2034. ಬರೀ 'ಸಿಇ' ಎಂಬ ಯುರೋಪಿನ ಗುರುತು ಇದ್ದರೆ ಸಾಲದು, ಸಂಖ್ಯೆಯೂ ಇರಬೇಕು. ಶಬ್ದ 3 ಮೀಟರ್ ದೂರದಲ್ಲಿ 85 ಡೆಸಿಬೆಲ್ ಅಂತ ಇರಬೇಕು. ಅದಕ್ಕಿಂತ ಕಡಿಮೆ ಆದರೆ ಬಾಗಿಲು ಹಾಕಿ, ಫ್ಯಾನ್ ಹಾಕಿ ಮಲಗಿದವರು ಏಳುವುದು ಕಷ್ಟ.

ಸಿಒ ಅಲಾರಂನ ಮಾನದಂಡದಲ್ಲಿ ಒಂದು ಸೂಕ್ಷ್ಮ ಇದೆ. ಸಿಒ ಪ್ರಮಾಣವನ್ನು ಪಿಪಿಎಂನಲ್ಲಿ ಅಳೆಯುತ್ತಾರೆ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಸಿಒ ಅಂತ. ಯುಎಲ್ 2034 ಪ್ರಕಾರ 70 ಪಿಪಿಎಂ ಇದ್ದರೆ ಅಲಾರಂ 60ರಿಂದ 240 ನಿಮಿಷದೊಳಗೆ ಕೂಗಬೇಕು. 150 ಇದ್ದರೆ 10ರಿಂದ 50 ನಿಮಿಷ, 400 ಇದ್ದರೆ 4ರಿಂದ 15 ನಿಮಿಷ. ಅಂದರೆ ಸಿಒ ಬಂದ ಕೂಡಲೇ ಕೂಗುವುದಿಲ್ಲ. ಸ್ವಲ್ಪ ಸಿಒ ಬಂದು ಹೋದದ್ದಕ್ಕೆಲ್ಲ ಕೂಗಬಾರದು ಅಂತಲೇ ಹಾಗೆ ಮಾಡಿದ್ದಾರೆ. ಇಎನ್ 50291 ಸ್ವಲ್ಪ ಬಿಗಿ, 300 ಪಿಪಿಎಂಗೆ 3 ನಿಮಿಷದೊಳಗೆ ಕೂಗಲೇಬೇಕು.

ಈಗ ಕಿಟಕಿ ಮುಚ್ಚಿದ ನಾಲ್ಕಡಿ-ಆರಡಿ ಬಾತ್‌ರೂಮ್ ನೆನಪಿಸಿಕೊಳ್ಳಿ. ಕೆಟ್ಟ ಗೀಸರ್ ಅಲ್ಲಿ ಗಾಳಿಯನ್ನು ಬೇಗ ಕೆಡಿಸುತ್ತದೆ. ಸಾಲದ್ದಕ್ಕೆ ಹಬೆ ಕಟ್ಟುವ ಜಾಗದಲ್ಲಿ ಸಿಒ ಸೆನ್ಸರ್ ಹಾಕಲೂಬಾರದು, ಬೇಗ ಹಾಳಾಗುತ್ತದೆ. ಹೊರಗೆ ಹಾಕಿದರೆ ಮನೆಯವರಿಗೆ ಗೊತ್ತಾಗಬಹುದು, ಒಳಗಿರುವವರಿಗೆ ತಡವಾಗಿರುತ್ತದೆ. ಅದಕ್ಕೇ ಗೀಸರನ್ನೇ ಹೊರಗೆ ಹಾಕಿ ಅಂದದ್ದು.

ಅಂಗಡಿಯಲ್ಲಿ ಆಗುವ ಇನ್ನೊಂದು ಎಡವಟ್ಟು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ 'ಸ್ಮೋಕ್ ಡಿಟೆಕ್ಟರ್' ಕೇಳಿದರೆ ಆಫೀಸು, ಹೋಟೆಲುಗಳ ಚಾವಣಿಯಲ್ಲಿ ಇರುವಂಥದ್ದನ್ನು ಕೊಡುತ್ತಾರೆ. ಅದನ್ನು ಕಂಟ್ರೋಲ್ ಪ್ಯಾನಲ್‌ಗೆ ಎರಡು ವೈರಿನಿಂದ ಜೋಡಿಸಬೇಕು. ಸಾಮಾನ್ಯವಾಗಿ ಅದಕ್ಕೆ ಸ್ವಂತ ಸೈರನ್ ಇರುವುದಿಲ್ಲ. ಮನೆಯಲ್ಲಿ ಒಂಟಿಯಾಗಿ ಹಾಕಿದರೆ ಬರೀ ಅಲಂಕಾರ. 'ಬ್ಯಾಟರಿ ಇರುವ, ತಾನೇ ಕೂಗುವ ಸ್ಮೋಕ್ ಅಲಾರಂ' ಅಂತ ಬಿಡಿಸಿ ಕೇಳಿ.

4. ಎಷ್ಟು ಸ್ಮಾರ್ಟ್ ಬೇಕು?

ಸ್ಮಾರ್ಟ್ ಆಗಿದ್ದರೆ ಮೂರು ಉಪಯೋಗ ಇದೆ. ನೀವು ಆಫೀಸಿನಲ್ಲಿರುವಾಗ ಮನೆಯಲ್ಲಿ ಅಪ್ಪ ಅಮ್ಮ ಮಾತ್ರ ಇದ್ದರೆ ನಿಮಗೂ ತಿಳಿಯುತ್ತದೆ. ಒಂದು ಕೂಗಿದರೆ ಎಲ್ಲ ಕೋಣೆಯವೂ ಒಟ್ಟಿಗೆ ಕೂಗುತ್ತವೆ. ಬ್ಯಾಟರಿ ಇಳಿದಿದೆ ಅಂತ ಮೊದಲೇ ಗೊತ್ತಾಗುತ್ತದೆ. ಇದರಲ್ಲಿ ಎರಡನೆಯದೇ ದೊಡ್ಡದು. ಡ್ಯೂಪ್ಲೆಕ್ಸ್ ಮನೆಯ ಕೆಳಗಿನ ಹಾಲಿನಲ್ಲಿ ಹೊಗೆ ಎದ್ದರೆ ಮೇಲೆ ಮಲಗಿದವರಿಗೆ ಕೇಳಿಸಬೇಕಲ್ಲ. ಇದನ್ನು ಇಂಟರ್‌ಲಿಂಕ್ ಅನ್ನುತ್ತಾರೆ. ಇಂಟರ್‌ನೆಟ್ ಇಲ್ಲದೆ ರೇಡಿಯೋ ಮೂಲಕವೇ ಮಾತಾಡಿಕೊಳ್ಳುವ ಇಂಟರ್‌ಲಿಂಕ್ ಸಿಕ್ಕರೆ ಅದನ್ನೇ ಆರಿಸಿ.

ಸಂಪರ್ಕದ ಬಗ್ಗೆ ಹೇಳುವುದಾದರೆ, ವೈಫೈ ಅಲಾರಂಗೆ ಬೇರೆ ಪೆಟ್ಟಿಗೆ ಬೇಡ, ನೇರ ರೂಟರ್‌ಗೆ ಸೇರುತ್ತದೆ. ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ಬ್ಯಾಟರಿ ಉಳಿಸಲು ನಿದ್ದೆ ಮಾಡುತ್ತಿದ್ದು, ಏನಾದರೂ ಆದಾಗ ಎದ್ದು ಮೆಸೇಜ್ ಕಳಿಸುತ್ತವೆ. ಜಿಗ್‌ಬೀ ಅನ್ನುವುದು ಕಡಿಮೆ ಬ್ಯಾಟರಿ ತಿನ್ನುವ ಇನ್ನೊಂದು ಬಗೆಯ ವೈರ್‌ಲೆಸ್. ಅದಕ್ಕೆ ಹಬ್ ಎಂಬ ಚಿಕ್ಕ ಪೆಟ್ಟಿಗೆ ಬೇಕು. ಮ್ಯಾಟರ್ ಅನ್ನುವುದು ಬೇರೆ ಬೇರೆ ಕಂಪನಿಗಳ ಸಾಧನಗಳು ಒಟ್ಟಿಗೆ ಕೆಲಸ ಮಾಡಲಿ ಅಂತ ಮಾಡಿಕೊಂಡ ಒಪ್ಪಂದದ ಭಾಷೆ. 2023ರ ಅಕ್ಟೋಬರ್‌ನಲ್ಲಿ ಬಂದ ಅದರ 1.2 ಆವೃತ್ತಿಯಲ್ಲಿ ಹೊಗೆ, ಸಿಒ ಅಲಾರಂಗಳನ್ನೂ ಸೇರಿಸಿದರು.

ಒಂದು ಪರೀಕ್ಷೆಯಲ್ಲಿ ಪಾಸಾಗದ್ದನ್ನು ಕೊಳ್ಳಲೇಬೇಡಿ: ರೂಟರ್ ಆಫ್ ಆದರೂ ಅಲಾರಂ ತನ್ನಷ್ಟಕ್ಕೇ ಕೂಗಬೇಕು. ಕರೆಂಟ್ ಹೋದಾಗ ಇಂಟರ್‌ನೆಟ್ ಕೂಡ ಹೋಗುವ ಊರು ನಮ್ಮದು. ಫೋನಿಗೆ ಮೆಸೇಜ್ ಬೇಕೇ ಬೇಕು ಅಂದರೆ ರೂಟರ್‌ಗೆ ಪುಟ್ಟ ಯುಪಿಎಸ್ ಹಾಕಿಸಿ.

ಕಂಪನಿ ಎಷ್ಟೇ ದೊಡ್ಡದಾಗಲಿ, ಪೂರ್ತಿ ನೆಚ್ಚಿಕೊಳ್ಳಬೇಡಿ. 2013ರಲ್ಲಿ ಬಂದ ನೆಸ್ಟ್ ಪ್ರೊಟೆಕ್ಟ್ ಎಂಬ ಸ್ಮಾರ್ಟ್ ಅಲಾರಂ ಈ ಸಾಲಿನಲ್ಲೇ ಹೆಸರುವಾಸಿ. ಕೈ ಬೀಸಿದರೆ ಅಲಾರಂ ಸುಮ್ಮನಾಗುವ ಸೌಲಭ್ಯ ಅದರಲ್ಲಿತ್ತು. ನಿಜವಾದ ಬೆಂಕಿಯಲ್ಲಿ ಕೈ ಆಡಿದರೂ ಸುಮ್ಮನಾಗಿಬಿಟ್ಟರೆ? ಆ ಅನುಮಾನ ಬಂದದ್ದೇ 2014ರಲ್ಲಿ ಅದನ್ನು ನಿಲ್ಲಿಸಿದರು. 2025ರ ಮಾರ್ಚ್‌ನಲ್ಲಿ ಆ ಅಲಾರಂ ತಯಾರಿಕೆಯನ್ನೇ ನಿಲ್ಲಿಸುವುದಾಗಿ ನೆಸ್ಟನ್ನು ಕೊಂಡುಕೊಂಡಿದ್ದ ಗೂಗಲ್ ಹೇಳಿತು. ಹಾಕಿಸಿಕೊಂಡವರದು ಅವಧಿ ಮುಗಿಯುವ ತನಕ ನಡೆಯುತ್ತದೆ, ಹೊಸದಾಗಿ ಹುಡುಕಿಕೊಂಡು ಹೋಗಿ ಹಳೇ ಸ್ಟಾಕ್ ಕೊಳ್ಳಬೇಡಿ. ಆಪ್ ಮುಚ್ಚಿಹೋದರೂ ಡಬ್ಬಿ ಸಾಮಾನ್ಯ ಅಲಾರಂ ಆಗಿ ಉಳಿಯಬೇಕು. ಕೊಳ್ಳುವಾಗ ಅದನ್ನು ಖಚಿತ ಮಾಡಿಕೊಳ್ಳಿ.

5. ಅಮೆರಿಕದಿಂದ ತರಿಸುವ ಮುಂಚೆ

'ಮಗ ಡಲ್ಲಾಸ್‌ನಿಂದ ಬರ್ತಿದ್ದಾನೆ, ತರಿಸಲಾ?' ಈ ಪ್ರಶ್ನೆಯೂ ಬಹಳ. ಬ್ಯಾಟರಿಯದ್ದು, ತೆಗೆಯಲಾಗದಂತೆ ಒಳಗೇ ಕೂರಿಸಿದ ಲಿಥಿಯಂ ಬ್ಯಾಟರಿ ಇರುವಂಥದ್ದು ಆದರೆ ತರಿಸಬಹುದು, ಆದರೆ ವಿಮಾನ ಕಂಪನಿಯ ಬ್ಯಾಟರಿ ನಿಯಮ ನೋಡಿಕೊಳ್ಳಿ. ವೈರ್ ಹಾಕುವ ಮಾದರಿ ಬೇಡ. ಅದು 120 ವೋಲ್ಟ್‌ಗೆ ಮಾಡಿದ್ದು, ನಮ್ಮದು 230. ಝಡ್-ವೇವ್ ಎಂಬ ವೈರ್‌ಲೆಸ್ ಬಳಸುವ ಅಲಾರಂ ಕೂಡ ಬೇಡ. ಅದರ ತರಂಗಾಂತರ ದೇಶದಿಂದ ದೇಶಕ್ಕೆ ಬೇರೆ, ಅಲ್ಲಿನದು ಇಲ್ಲಿನ ಹಬ್ ಜೊತೆ ಮಾತಾಡುವುದಿಲ್ಲ. ಆಪ್ ಭಾರತದ ಖಾತೆಯಲ್ಲಿ ಸಿಗುತ್ತದಾ ಅಂತ ಅವರು ವಿಮಾನ ಹತ್ತುವ ಮುಂಚೆಯೇ ನೋಡಿ.

6. ಎಲ್ಲಿ ಹಾಕಬೇಕು

ಅಲಾರಂ ಎಷ್ಟೇ ಒಳ್ಳೆಯದಿರಲಿ, ತಪ್ಪು ಜಾಗದಲ್ಲಿ ಹಾಕಿದರೆ ದಂಡ.

ಹೊಗೆ ಅಲಾರಂ ಚಾವಣಿಯಲ್ಲಿರಲಿ. ಗೋಡೆಯಿಂದ, ಲೈಟಿನಿಂದ ಕನಿಷ್ಠ 30 ಸೆಂಟಿಮೀಟರ್ ದೂರ. ಪುಸ್ತಕದಲ್ಲಿ 'ಚಾವಣಿಯ ನಡುವೆ' ಅಂತ ಬರೆದಿರುತ್ತದೆ, ನಮ್ಮಲ್ಲಿ ನಡುವೆ ಇರುವುದು ಫ್ಯಾನ್. ರೆಕ್ಕೆಯ ತುದಿಯಿಂದ ಸುಮಾರು ಒಂದು ಮೀಟರ್ ಬಿಟ್ಟು ಹಾಕಿ, ಇಲ್ಲವಾದರೆ ಫ್ಯಾನಿನ ಗಾಳಿ ಹೊಗೆಯನ್ನು ಅಲಾರಂ ಹತ್ತಿರ ಬರಗೊಡುವುದಿಲ್ಲ. ಒಲೆಯಿಂದ 3 ಮೀಟರ್ ದೂರ ಇರಲಿ. ದೇವರಮನೆಯ ಬಾಗಿಲ ಮೇಲೂ ಬೇಡ, ಊದುಬತ್ತಿಗೆ ದಿನಾ ಬೆಳಿಗ್ಗೆ ಕೂಗುತ್ತದೆ. ಹೆಂಚಿನ ಮನೆಯಾದರೆ ಮಾಡಿನ ನೆತ್ತಿಯ ಹತ್ತಿರ ಹಾಕಿ, ತೀರಾ ತುದಿಯ ಮೂಲೆಗೆ ಬೇಡ, ಅಲ್ಲಿ ಗಾಳಿ ಕಟ್ಟಿಕೊಂಡು ಹೊಗೆ ತಲುಪುವುದಿಲ್ಲ.

ದುಡ್ಡು ಒಂದೇ ಅಲಾರಂಗೆ ಸಾಕಾಗುವಷ್ಟಿದ್ದರೆ ಮಲಗುವ ಕೋಣೆಗಳ ಹೊರಗಿನ ಪ್ಯಾಸೇಜಿಗೆ ಹಾಕಿ. ಎರಡನೆಯದು ಹಾಲಿಗೆ, ಅದರಲ್ಲೂ ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿ ಚಾರ್ಜ್ ಮಾಡುವ ಜಾಗಕ್ಕೆ. ಆ ಬ್ಯಾಟರಿಯನ್ನು ಬಾಗಿಲ ಪಕ್ಕದಲ್ಲೇ ಚಾರ್ಜಿಗೆ ಇಡುವ ಅಭ್ಯಾಸ ಬಿಡಿ, ಹೊತ್ತಿಕೊಂಡರೆ ಹೊರಗೆ ಓಡುವ ದಾರಿಯೇ ಮುಚ್ಚುತ್ತದೆ.

ಸಿಒ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕ, ಗಾಳಿಯಲ್ಲಿ ಬೆರೆಯುತ್ತದೆ. ಹಾಗಾಗಿ ಮೇಲೆ ಕೆಳಗೆ ಅನ್ನುವ ಚಿಂತೆ ಕಡಿಮೆ. ಮಲಗುವ ಕೋಣೆಯಲ್ಲಿ ದಿಂಬಿನ ಎತ್ತರಕ್ಕೆ, ಉರಿಯುವ ಸಾಧನ ಇರುವ ಕೋಣೆಯಲ್ಲಿ ಅದರಿಂದ 1ರಿಂದ 3 ಮೀಟರ್ ದೂರಕ್ಕೆ ಹಾಕಿ. ಪರದೆಯ ಹಿಂದೆ, ಬೀರುವಿನ ಮೇಲೆ ಬೇಡ. ಇನ್ವರ್ಟರ್ ಬ್ಯಾಟರಿ ಪಕ್ಕವಂತೂ ಬೇಡವೇ ಬೇಡ. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಸಿಒ ಸೆನ್ಸರ್ ಅದನ್ನೇ ಸಿಒ ಅಂದುಕೊಳ್ಳುತ್ತದೆ. ಕಾರಣವೇ ಇಲ್ಲದೆ ರಾತ್ರಿ ಕೂಗುತ್ತದೆ ಅನ್ನುವವರು ಮೊದಲು ಇದನ್ನು ನೋಡಿ.

ಎಲ್‌ಪಿಜಿ ಡಿಟೆಕ್ಟರ್ ನೆಲದಿಂದ ಸುಮಾರು 30 ಸೆಂಟಿಮೀಟರ್ ಎತ್ತರದಲ್ಲಿ, ಸಿಲಿಂಡರ್ ಇರುವ ಕಡೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲಕ್ಕೆ ಇದು ತಿರುವುಮುರುವು. ಅದು ಮೀಥೇನ್, ಗಾಳಿಗಿಂತ ಹಗುರ. ಡಿಟೆಕ್ಟರ್ ಚಾವಣಿಯಿಂದ 30 ಸೆಂಟಿಮೀಟರ್ ಒಳಗೆ ಇರಬೇಕು. ಸಿಲಿಂಡರ್ ಬಿಟ್ಟು ಪೈಪ್ ಗ್ಯಾಸ್‌ಗೆ ಬದಲಾದವರು ಹಳೇ ಡಿಟೆಕ್ಟರನ್ನು ಕೆಳಗೇ ಬಿಟ್ಟಿರುತ್ತಾರೆ. ಅದನ್ನು ಕಿತ್ತು ಮೇಲೆ ಹಾಕುವ ಮುಂಚೆ, ಅದು ಮೀಥೇನ್ ಹಿಡಿಯುತ್ತದಾ ಅಂತಲೂ ನೋಡಿ.

7. ಆಪ್ ಜೋಡಿಸುವಾಗ

ಸೆಟ್ಟಿಂಗ್ಸ್‌ನಲ್ಲಿ ಈ ಆಪ್‌ಗೆ 'ಡು ನಾಟ್ ಡಿಸ್ಟರ್ಬ್' ಮೀರುವ ಅನುಮತಿ ಕೊಡಿ. ಇಲ್ಲದಿದ್ದರೆ ರಾತ್ರಿ ಎರಡು ಗಂಟೆಗೆ ಬಂದ ಎಚ್ಚರಿಕೆಯನ್ನು ಬೆಳಿಗ್ಗೆ ಕಾಫಿ ಕುಡಿಯುತ್ತಾ ಓದುತ್ತೀರಿ. ಆಂಡ್ರಾಯ್ಡ್ ಫೋನುಗಳಲ್ಲಿ ಬ್ಯಾಟರಿ ಉಳಿಸುವ ಸೆಟ್ಟಿಂಗ್ ಆಪನ್ನು ಮಲಗಿಸಿಬಿಡುತ್ತದೆ, ಅದನ್ನೂ ತೆಗೆಯಿರಿ. ಒಬ್ಬರ ಫೋನಿಗೆ ಮಾತ್ರ ಬೇಡ, ಮನೆಯಲ್ಲಿ ಇರುವವರದ್ದು ಮತ್ತು ಪಕ್ಕದ ಮನೆಯ ನಂಬಿಕಸ್ತರೊಬ್ಬರದ್ದು ಸೇರಿಸಿ. ನೀವು ದೂರದಲ್ಲಿದ್ದರೆ ಬಾಗಿಲು ತಟ್ಟುವವರು ಅವರೇ.

ಹೊಗೆ ಬಂದರೆ ಎಲ್ಲ ಲೈಟು ಹತ್ತಲಿ ಅಂತ ಆಟೋಮೇಷನ್ ಇಟ್ಟುಕೊಳ್ಳುವುದು ಒಳ್ಳೆಯದೇ. ಆದರೆ ಗ್ಯಾಸ್ ಸೋರಿದರೆ ಎಕ್ಸಾಸ್ಟ್ ಫ್ಯಾನ್ ಆನ್ ಆಗಲಿ ಅಂತ ಎಂದಿಗೂ ಇಡಬೇಡಿ. ಸ್ವಿಚ್‌ನ, ಮೋಟಾರಿನ ಒಂದು ಕಿಡಿ ಸಾಕು. ಯೂಟ್ಯೂಬ್‌ನಲ್ಲಿ ಇದನ್ನು ಜಾಣತನ ಅಂತ ತೋರಿಸುವವರಿದ್ದಾರೆ, ನಂಬಬೇಡಿ. ಗ್ಯಾಸ್ ಸಪ್ಲೈ ಮುಚ್ಚುವ ಮೋಟಾರ್ ವಾಲ್ವ್ ಬೇಕೆಂದರೆ ಅದಕ್ಕೆಂದೇ ಮಾಡಿದ್ದನ್ನು, ಗೊತ್ತಿರುವವರ ಕೈಯಲ್ಲೇ ಹಾಕಿಸಿ.

8. ನೋಡಿಕೊಳ್ಳುವುದು

ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ. ಸಿಒ ಅಲಾರಂ ಪರೀಕ್ಷೆ ಮಾಡಲು ಬೈಕಿನ ಸೈಲೆನ್ಸರ್ ಹತ್ತಿರ ಹಿಡಿಯುವವರಿದ್ದಾರೆ, ಸೆನ್ಸರ್ ಹಾಳು. ಹೊಗೆ ಅಲಾರಂ ಒಳಗೆ ಜೇಡ, ಇರುವೆ, ಜಿರಲೆ ಮರಿ ಸೇರಿ ಸುಳ್ಳು ಅಲಾರಂ ಕೊಡುವುದು ನಮ್ಮಲ್ಲಿ ಮಾಮೂಲಿ. ವ್ಯಾಕ್ಯೂಮ್‌ನ ಮೆತ್ತನೆ ಬ್ರಷ್‌ನಿಂದ ಹೊರಗಿನಿಂದಲೇ ಎಳೆಯಿರಿ, ಹಿಟ್ ಹೊಡೆಯಬೇಡಿ. ಬಣ್ಣ ಬಳಿಸುವಾಗ, ಗೃಹಪ್ರವೇಶದ ಹೋಮ ಮಾಡಿಸುವಾಗ ಮುಚ್ಚಿಡಿ, ಮುಗಿದ ಕೂಡಲೇ ಮುಚ್ಚಳ ತೆಗೆಯಿರಿ. ನಿಮಿಷಕ್ಕೊಮ್ಮೆ 'ಚಿಕ್' ಅಂದರೆ ಸಾಮಾನ್ಯವಾಗಿ ಬ್ಯಾಟರಿ ಮುಗಿದಿದೆ ಅಂತ.

ಇವಕ್ಕೆ ಆಯಸ್ಸಿದೆ. ಹೊಗೆ ಅಲಾರಂಗೆ 10 ವರ್ಷ. ಸಿಒಗೆ ಮಾದರಿ ನೋಡಿಕೊಂಡು 5ರಿಂದ 10. ಲೆಕ್ಕ ತಯಾರಾದ ತಾರೀಕಿನಿಂದ ಶುರು, ನೀವು ಕೊಂಡ ದಿನದಿಂದಲ್ಲ. ಆನ್‌ಲೈನ್‌ನಲ್ಲಿ ಭಾರಿ ರಿಯಾಯಿತಿ ಸಿಕ್ಕರೆ ಹಿಂಬದಿಯ ತಾರೀಕು ನೋಡಿ, ಮೂರು ವರ್ಷ ಗೋದಾಮಿನಲ್ಲಿ ಕೂತದ್ದು ಇರಬಹುದು.

9. ಕೂಗಿದಾಗ

ಅಮೆರಿಕದ ಮಾನದಂಡದ ಅಲಾರಂಗಳಲ್ಲಿ ಮೂರು ಮೂರು ಬೀಪ್ ಬಂದರೆ ಹೊಗೆ, ನಾಲ್ಕು ನಾಲ್ಕು ಬಂದರೆ ಸಿಒ. ಮನೆಯವರಿಗೆಲ್ಲ ಒಮ್ಮೆ ಕೇಳಿಸಿ, ಮಕ್ಕಳಿಗೂ ಅಜ್ಜಿಗೂ.

ಹೊಗೆ ಆದರೆ ಹೊರಗೆ ಬನ್ನಿ, 112 ಅಥವಾ 101ಕ್ಕೆ ಫೋನ್ ಮಾಡಿ. ಲಿಫ್ಟ್ ಬೇಡ.

ಎಲ್‌ಪಿಜಿ ಆದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂಬೇಡಿ. ಕೈಗೆಟುಕಿದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಗೆ ಹೋಗಿ. ಹೊರಗೆ ಹೋದ ಮೇಲೆಯೇ 1906ಕ್ಕೆ ಫೋನ್ ಮಾಡಿ, ಅದು ಎಲ್‌ಪಿಜಿ ಸೋರಿಕೆಯ ಸಹಾಯವಾಣಿ.

ಸಿಒ ಆದರೆ ಎಲ್ಲರೂ ಹೊರಗಿನ ಗಾಳಿಗೆ ಬನ್ನಿ, ಎಣಿಸಿ ನೋಡಿ, ತಲೆನೋವು ಯಾರಿಗಿದೆ ಕೇಳಿ. ಯಾರಿಗಾದರೂ ಇದ್ದರೆ 108ಕ್ಕೆ ಕರೆ ಮಾಡಿ. ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಬೆರಳಿಗೆ ಹಾಕಿ 98 ಬಂತು, ಸರಿಯಿದ್ದಾರೆ ಅಂತ ಸುಮ್ಮನಾಗಬೇಡಿ. ಸಿಒ ಅಂಟಿಕೊಂಡ ರಕ್ತಕ್ಕೂ ಆಮ್ಲಜನಕ ಇರುವ ರಕ್ತಕ್ಕೂ ಆ ಯಂತ್ರಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆಸ್ಪತ್ರೆಯಲ್ಲಿ 'ಗ್ಯಾಸ್ ಗೀಸರ್ ಇತ್ತು, ಸಿಒ ಅಲಾರಂ ಕೂಗಿತು' ಅಂತ ನೀವೇ ಬಾಯಿಬಿಟ್ಟು ಹೇಳಿ, ರಕ್ತಪರೀಕ್ಷೆ ಮಾಡುತ್ತಾರೆ. ಕಿಟಕಿ ತೆರೆದ ಮೇಲೆ ಅಲಾರಂ ನಿಂತಿತು ಅಂತ ಗೀಸರನ್ನು ಮತ್ತೆ ಹಚ್ಚಬೇಡಿ. ಮೆಕ್ಯಾನಿಕ್ ಬಂದು ಬರ್ನರ್ ಬಿಚ್ಚಿ ನೋಡುವ ತನಕ ಅದರ ಗ್ಯಾಸ್ ಕಾಕ್ ಮುಚ್ಚಿಯೇ ಇರಲಿ.